ಅತ್ತೆಯ ದನಿ ಹೊಸ ಕಂಪ್ಯೂಟರಿಗೆ ಬಂದದ್ದು

ಅತ್ತೆಯ ಬಾಯಿ ಒಂದು ಕಾಲಕ್ಕೆ ಇಡೀ ಬೀದಿಗೇ ಪರಿಚಿತ. ಸೊಸೆಗೆ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದೇ ಕಸುಬು. ಅತ್ತೆಯ ದನಿ ಕಸಿದ ಗಂಟಲಿನ ಆಪರೇಷನ್ನಿಗೆ ಮುಂಚೆ ಅವಳು ಅವರನ್ನು ಮೈಕಿನ ಮುಂದೆ ಕೂರಿಸಿ, ದಿನಾ ಆಡುವ ಮಾತುಗಳನ್ನೆಲ್ಲ ಒಂದೊಂದಾಗಿ ಹಿಡಿದಿಟ್ಟಿದ್ದಳು. ಆಮೇಲೆ ಅತ್ತೆ ಕೀಲಿ ಒತ್ತಿದರೆ ಸಾಕು, ಪ್ರೋಗ್ರಾಂ ಅವರದೇ ದನಿಯಲ್ಲಿ ಮಾತು ಜೋಡಿಸಿ ಹೇಳುತ್ತಿತ್ತು, ಬೈಗುಳ ಸಮೇತ.

ಈಗ ಆ ಹಳೆಯ ಕಂಪ್ಯೂಟರು ಕೈಕೊಟ್ಟಿತ್ತು. ಹೊಸದರ ಆಪರೇಟಿಂಗ್ ಸಿಸ್ಟಂ ಬೇರೆ, ಅದರ ರೀತಿನೀತಿಯೂ ಬೇರೆ. ಫೋಲ್ಡರುಗಳ ಹೆಸರಿನ ನಡುವೆ ಹಾಕುವ ಓರೆಗೆರೆ ಅಲ್ಲಿ ಆ ಕಡೆ ವಾಲಿದರೆ ಇಲ್ಲಿ ಈ ಕಡೆ. ಫೈಲಿನ ಹೆಸರಿನ ಸಣ್ಣಕ್ಷರ ದೊಡ್ಡಕ್ಷರ ಅಲ್ಲಿ ಒಂದೇ, ಇಲ್ಲಿ ಬೇರೆ ಬೇರೆ. ಇಂಥ ತಕರಾರುಗಳನ್ನು ನಿಭಾಯಿಸುವ ಸಾಲುಗಳನ್ನೆಲ್ಲ ಒಂದೇ ಫೈಲಿಗೆ ತಳ್ಳಿ ಸೊಸೆ ವಾರವೆಲ್ಲ ಹೆಣಗಿದ್ದಳು. ಅಷ್ಟೂ ದಿನ ಮನೆಯಲ್ಲಿ ಅತ್ತೆಯ ದನಿಯಿಲ್ಲ. ಅದು ಹೋಗೇಬಿಟ್ಟರೆ ಎಂಬ ಹೆದರಿಕೆಗೆ ಅವಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಕೊನೆಗೊಮ್ಮೆ "ಈಗ ಒತ್ತಿ ಅತ್ತೆ," ಎಂದಳು. ಅತ್ತೆ ಮೂರು ಮಾತು ಒತ್ತಿದರು.

"ನೀನೂ," ಎಂದಿತು ಯಂತ್ರ. ಆಮೇಲೆ ಗಪ್‌ಚುಪ್.

ನೀನೂ ಕೈಬಿಟ್ಟೆಯಾ ಅಂತ ಕೇಳುತ್ತಿದ್ದಾರೇನೋ ಎಂದುಕೊಂಡು ಸೊಸೆ ಕಂಪ್ಯೂಟರಿನತ್ತ ಕೈಚಾಚಿದಳು. "ಯಾಕೋ ನಿಂತುಬಿಡ್ತು ಅತ್ತೆ. ಆಫ್ ಮಾಡಿ ಮತ್ತೆ ನೋಡ್ತೀನಿ."

ಅತ್ತೆ ಅವಳ ಕೈ ಹಿಡಿದು, ತಾಳು ಎಂದು ಬೆರಳೆತ್ತಿದರು. ತಾನು ಹೇಳಿ ಮುಗಿಸುವ ಮೊದಲೇ ಜನ ಎದ್ದು ಹೋಗುವುದು ಅವರಿಗೆ ಹೊಸದಲ್ಲ. ಸೊಸೆಯೂ ಅವರ ಅರ್ಧ ಮಾತಿಗೇ ಉತ್ತರ ಕೊಟ್ಟು ಓಡುವವಳೇ. ಈಗ ಓಡಲಾಗದೆ ಕೋಣೆಯ ತುಂಬ ಶತಪಥ ತಿರುಗಿದಳು.

ಐದು ನಿಮಿಷವಾದ ಮೇಲೆ ಯಂತ್ರ ಮತ್ತೆ ಬಾಯಿಬಿಟ್ಟಿತು: "ಸ್ವಲ್ಪ."

ಸೊಸೆ ಹಣೆ ಚಚ್ಚಿಕೊಂಡಳು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಮುನ್ನೂರು ಕಾಯಬೇಕೆಂದು ಬರೆದವಳು ಅವಳೇ. ಕಾಯುವ ಆಜ್ಞೆಯ ಹೆಸರು ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಎಂದು ಸಂಖ್ಯೆಯನ್ನು ಮುಟ್ಟಿರಲಿಲ್ಲ. ಹಳೆಯದು ಎಣಿಸುತ್ತಿದ್ದದ್ದು ಸೆಕೆಂಡಿನ ಸಾವಿರದ ಒಂದೊಂದು ಪಾಲು, ಮುನ್ನೂರೆಂದರೆ ಉಸಿರೆಳೆಯುವಷ್ಟು ಹೊತ್ತು. ಹೊಸದು ಪೂರಾ ಮುನ್ನೂರು ಸೆಕೆಂಡು ಕಾದು ಕೂತಿತ್ತು, ಪಾಪ.

ತಿದ್ದುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಅದಕ್ಕೆ ಪ್ರೋಗ್ರಾಂ ನಿಲ್ಲಿಸಬೇಕು, ಅತ್ತೆಯ ಮಾತನ್ನು ಅರ್ಧಕ್ಕೇ ಕಡಿಯಬೇಕು. ಈ ಸಲ ಅವಳಿಗೆ ಮನಸ್ಸು ಬರಲಿಲ್ಲ. ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು. ಇಬ್ಬರೂ ಕಾದರು.

"ಕೂತ್ಕೋ," ಎಂದಿತು ಅತ್ತೆಯ ದನಿ.

ನೀನೂ ಸ್ವಲ್ಪ ಕೂತ್ಕೋ ಎಂದು ಮೂರು ಮಾತನ್ನೂ ಜೋಡಿಸಿಕೊಂಡು, ಕೂತಲ್ಲೇ ಸೊಸೆ ಗಳಗಳನೆ ಅತ್ತುಬಿಟ್ಟಳು.