ಅರಿಶಿನ ಹತ್ತಿದ ಸಾವಿರದ ನೋಟು

ದುಡ್ಡನ್ನು ಎಲ್ಲಿ ಬಚ್ಚಿಡುವುದು? ಯಾವ ಹಟ್ಟಿಗೆ ಹೋಗಿ ಕೇಳಿದರೂ ಈ ತಾಪತ್ರಯ ಇದ್ದದ್ದೇ. ಒಬ್ಬರು ಗೋಡೆಯ ಸಂದಿಗೆ ತುರುಕುತ್ತಾರೆ, ಇನ್ನೊಬ್ಬರು ರಾಗಿಯೊಳಗೆ ಹೂಳುತ್ತಾರೆ. ಆದಿವಾಲದ ಆಚೆಗಿನ ಗೊಲ್ಲರ ಹಟ್ಟಿಯ ಉಗ್ರಪ್ಪ ಮಾತ್ರ ಮನೆದೇವರ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಟಗರುಗಳನ್ನು ಮಾರಿದಾಗ ಬಂದ ಸಾವಿರ ರೂಪಾಯಿಯ ಎರಡು ನೋಟುಗಳೂ ಅಲ್ಲೇ ಇದ್ದವು. ದೀವಳಿಗೆ ಬಿಟ್ಟರೆ ವರ್ಷದಲ್ಲಿ ಮತ್ತೊಂದು ದಿನ ಆ ಪೆಟ್ಟಿಗೆ ಮುಟ್ಟುವ ಹಾಗಿಲ್ಲ, ಅದು ಅವರ ಮನೆತನದ ಕಟ್ಟಳೆ. ಹಬ್ಬದ ದಿನ ಹೆಂಡತಿ ಕೆಂಚಕ್ಕ ನೋಟಿಗೂ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದಳು.

ಎಪ್ಪತ್ತೆಂಟನೇ ಇಸವಿಯ ಸಂಕ್ರಾಂತಿ ಮುಗಿದಿತ್ತಷ್ಟೆ. ಸಾವಿರದ ನೋಟು, ಅದಕ್ಕಿಂತ ದೊಡ್ಡ ನೋಟು ಇನ್ನು ನಡೆಯುವುದಿಲ್ಲ ಎಂದು ರೇಡಿಯೋದಲ್ಲಿ ಬಂತು. ಹಟ್ಟಿ ಶಾಲೆಯ ಟೀಚರು ಮಹಾದೇವಮ್ಮ ಮನೆಮನೆಗೆ ಬಂದು, ಗಡುವು ಕೆಲವೇ ದಿನ, ಇಟ್ಟುಕೊಂಡವರು ಇವತ್ತೇ ಬ್ಯಾಂಕಿಗೆ ಹೋಗಿ ಎಂದು ಬಡಕೊಂಡರು.

"ಪೆಟ್ಟಿಗೆ ಈಗ ತೆಗ್ಯಂಗಿಲ್ಲ ಟೀಚರಮ್ಮ. ದೇವ್ರ ದುಡ್ಡಿಗೆ ಯಾವ ಗಡುವು?" ಎಂದ ಉಗ್ರಪ್ಪ.

ಟೀಚರಮ್ಮ ಹೇಳಿದ್ದೇ ಸರಿ ಎಂದು ಕೆಂಚಕ್ಕನಿಗೆ ಅನ್ನಿಸಿತು. ಆದರೂ ಗಂಡಸರ ಮಾತಿಗೆ ಯಾಕೆ ಬಾಯಿ ಹಾಕಲಿ ಎಂದು ಸುಮ್ಮನಾದಳು. ಅಲ್ಲಾ, ದುಡಿಮೆಗೆ ಹೆಣ್ಣು ಬೇಕು, ಮಾತಿಗೆ ಬೇಡವೇ? ಅವಳು ಅವತ್ತು ಬಾಯಿಬಿಡಬೇಕಿತ್ತು.

ದೀವಳಿಗೆ ಬಂತು. ನೋಟು ತೆಗೆದುಕೊಂಡು ಹಿರಿಯೂರಿಗೆ ಹೋದರೆ, ಗಡುವು ಮುಗಿದು ತಿಂಗಳುಗಳೇ ಆದವು ಎಂದು ಬ್ಯಾಂಕಿನವರು ತಿರುಗಿಸಿ ಕಳಿಸಿದರು. ಬಸ್ ಸ್ಟ್ಯಾಂಡಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತ ಉಗ್ರಪ್ಪನಿಗೆ ಮುರುಗಪ್ಪ ಎಂಬವನು ಗಂಟುಬಿದ್ದ. ಬಿಳಿ ಅಂಗಿ, ಚರ್ಮದ ಚೀಲ, ಬೆಣ್ಣೆಯಂಥ ಮಾತು. ಈ ನೋಟು ಅಂಗಡಿಯಲ್ಲಿ ಸತ್ತಿರಬಹುದು, ಹಳೇ ನೋಟು ಕೂಡಿಡುವ ಶೋಕಿಯವರು ಬೊಂಬಾಯಿಯಲ್ಲಿದ್ದಾರೆ, ಒಂದೊಂದಕ್ಕೆ ಐದು ಸಾವಿರ ಕೊಡುತ್ತಾರೆ ಎಂದ. ಆದರೆ ಅರಿಶಿನದ ಕಲೆ ಇದೆಯಲ್ಲ, ಔಷಧಿ ಹಾಕಿ ತೆಗೆಸಬೇಕು, ಅದಕ್ಕೆ ಖರ್ಚು. ರೊಕ್ಕ ಇಲ್ಲದಿದ್ದರೆ ಕುರಿಯಾದರೂ ಆದೀತು ಎಂದು ಹಟ್ಟಿಯತನಕ ಬಂದ.

ಕುರಿ ಕೂಡುವ ರೊಪ್ಪದಿಂದ ಅವನು ಆರಿಸಿದ್ದು ಹಾಲೂಡುವ ಏಳು ಕುರಿಗಳನ್ನು. ಆಗ ಕೆಂಚಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಮರಿ ಇನ್ನೂ ಮೇವು ಕಚ್ಚಿಲ್ಲ. ತಾಯಿನ ಹೆಂಗೆ ಕೊಡ್ತಿ?"

"ಲೇ, ಸುಮ್ನಿರು. ವಾರದಾಗೆ ಹತ್ತು ಸಾವಿರ ಬರ್ತೈತೆ."

ಕುರಿ ಹೋದವು. ನೋಟೂ ಹೋದವು. ಮರಿಗಳು ರೊಪ್ಪದ ಬೇಲಿಗೆ ಮುಖ ಒತ್ತಿ ಅರಚುತ್ತಲೇ ಇದ್ದವು. ಕೆಂಚಕ್ಕ ಬಟ್ಟೆಯನ್ನು ಮೇಕೆ ಹಾಲಿನಲ್ಲಿ ಅದ್ದಿ ಚೀಪಿಸಿದಳು. ಇದ್ದದ್ದು ಒಂದೇ ಮೇಕೆ, ಎಷ್ಟು ಬಾಯಿಗೆ ಸಾಲಬೇಕು? ಒಂದಾದ ಮೇಲೊಂದು ಸತ್ತವು. ಕೊನೆಗೆ ಒಂದೇ ಒಂದು ಉಳಿಯಿತು. ಸತ್ತ ಮರಿ ಹೂಳಲು ಉಗ್ರಪ್ಪ ಗುಂಡಿ ತೋಡುತ್ತಿದ್ದ, ಆದರೂ ಮುರುಗಪ್ಪ ಬಂದೇ ಬರುತ್ತಾನೆ ಎನ್ನುತ್ತಿದ್ದ.

ರಜೆ ಮುಗಿಸಿ ದುರ್ಗದಿಂದ ಬಂದ ಮಹಾದೇವಮ್ಮ ಸುದ್ದಿ ಕೇಳಿ ನೇರ ಉಗ್ರಪ್ಪನ ಜಗಲಿಗೆ ಬಂದರು. ಅವರ ತಮ್ಮನಿಗೇ ಹಳೇ ನಾಣ್ಯ, ನೋಟು ಕೂಡಿಡುವ ಹುಚ್ಚು. ಮಡಿಕೆ ಬೀಳದ, ಕಲೆಯಿಲ್ಲದ ನೋಟಿಗೆ ಬೆಲೆ ಜಾಸ್ತಿ. ಕಲೆಯಾದದ್ದನ್ನು ತೊಳೆದರೆ ಇದ್ದ ಬೆಲೆಯೂ ಹೋಗುತ್ತದೆ ಎಂದು ವಿವರಿಸಿದರು. ಅದಕ್ಕಿಂತ ಮುಖ್ಯ, ರದ್ದಾದ ಈ ನೋಟುಗಳನ್ನು ಕೈಬದಲು ಮಾಡುವುದೇ ಕಾಯ್ದೆಗೆ ವಿರುದ್ಧ, ಕೊಟ್ಟವನಿಗೂ ತಗೊಂಡವನಿಗೂ ತಪ್ಪು ಎಂದರು.

ಉಗ್ರಪ್ಪ ಒಪ್ಪಲಿಲ್ಲ. ಅಷ್ಟು ದೂರದ ವ್ಯವಹಾರ, ತಡ ಆಗುವುದು ಸಹಜ ಎಂದ.

"ಕೊಳ್ಳೋನು ದುಡ್ಡು ಕೊಡ್ತಾನೆ ಉಗ್ರಪ್ಪಣ್ಣ, ಕೇಳಾದಿಲ್ಲ. ಅವನು ಮತ್ತೆ ಬಂದ್ರೆ ಏನು ಕೇಳ್ತಾನೆ ನೋಡು" ಎಂದರು ಮಹಾದೇವಮ್ಮ.

ಮುರುಗಪ್ಪ ಬಂದ. ಗಿರಾಕಿ ಸಿಕ್ಕಿದ್ದಾನೆ, ಕಾಗದಪತ್ರದ ಖರ್ಚಿಗೆ ಇನ್ನು ನಾಲ್ಕು ಕುರಿ ಬೇಕು ಎಂದ. ಉಗ್ರಪ್ಪನ ಕೈ ರೊಪ್ಪದ ಅಗಳಿಯತ್ತ ಹೋಯಿತು. ಕೆಂಚಕ್ಕ ಉಳಿದಿದ್ದ ಆ ಒಂದು ಮರಿಯನ್ನು ತಂದು ಗಂಡನ ತೋಳಿಗೆ ಹಾಕಿದಳು. ಹಸಿದ ಮರಿ ಅವನ ಬೆರಳನ್ನೇ ಚೀಪತೊಡಗಿತು. ಉಗ್ರಪ್ಪ ಅಗಳಿ ಬಿಟ್ಟ.

"ಮೊದ್ಲು ನನ್ನ ಕುರಿ ತೋರ್ಸು," ಎಂದ.

ಮುರುಗಪ್ಪ ಚೀಲ ಎತ್ತಿಕೊಂಡು ಓಡಹೊರಟ. ಹಟ್ಟಿಯವರು ಹಿಡಿದು ಕೂರಿಸಿ ಪೊಲೀಸರಿಗೆ ಹೇಳಿಕಳಿಸಿದರು. ಮುರುಗಪ್ಪ ಸಿಕ್ಕಿದ, ಕುರಿ ಸಿಗಲಿಲ್ಲ. ಅವು ಮೊದಲ ವಾರವೇ ಕಸಾಯಿಖಾನೆ ಸೇರಿದ್ದವು. ನೋಟು ಕೊಟ್ಟಿದ್ದಕ್ಕೆ ಉಗ್ರಪ್ಪನೂ ಠಾಣೆಯ ಮೆಟ್ಟಿಲು ಹತ್ತಿ ಇಳಿಯಬೇಕಾಯಿತು.

ಹಬ್ಬವಲ್ಲದ ಒಂದು ದಿನ ಅವನು ತಾನೇ ದೇವರ ಪೆಟ್ಟಿಗೆ ತೆಗೆದ. ಉಳಿದ ಚಿಲ್ಲರೆ ದುಡ್ಡನ್ನೆಲ್ಲ ಕೆಂಚಕ್ಕನ ಸೆರಗಿಗೆ ಸುರಿದು, "ತಪ್ಪಾತು. ಪೋಸ್ಟಾಪೀಸಿಗೆ ಹೋಗಾಣ, ನಿನ್ನ ಹೆಸರಿನಾಗೆ ಇಡಾಣ," ಎಂದ. ಅವಳು ಅತ್ತಳು. ದುಡ್ಡಿಗಲ್ಲ, ಆ ಗುಂಡಿಗಳಿಗೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಪೆಟ್ಟಿಗೆಯನ್ನು ಇವತ್ತೇ ಒಮ್ಮೆ ತೆಗೆದು ನೋಡಿ. ದುಡ್ಡನ್ನು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇಡಿ. ನೋಟಿನ ವಿಷಯ ರೇಡಿಯೋದಲ್ಲಿ ಬಂದರೆ ಹಬ್ಬ ಕಾಯಬೇಡಿ. ಹಳೇ ನೋಟಿಗೆ ಐದು ಪಟ್ಟು ಕೊಡಿಸುತ್ತೇನೆ ಎಂದು ಬಂದವನಿಗೆ ಒಂದು ಲೋಟ ನೀರು ಕೊಡಿ, ನೋಟು ಕೊಡಬೇಡಿ, ಮುಂಗಡ ಕೊಡಬೇಡಿ; ಬ್ಯಾಂಕಿಗೆ ಹೋಗಿ ಕೇಳಿ. ಮನೆಯ ಹೆಂಗಸು ಬಾಗಿಲಿಗೆ ಅಡ್ಡ ನಿಂತರೆ, ಯಾಕೆ ನಿಂತಳು ಎಂದು ಕೇಳಿ. ಕೆಂಚಕ್ಕನ ರೊಪ್ಪದಲ್ಲಿ ಆ ಒಂದು ಮರಿ ದೊಡ್ಡದಾದ ಮೇಲೂ, ತಾಯಿಗಾಗಿ ಅರಚಿದ ಆ ಬೇಲಿಯ ಹತ್ತಿರವೇ ಮಲಗುತ್ತಿತ್ತು.