ಟೀಚರಮ್ಮನ ಹೊಳೆಯುವ ಪುಡಿ

ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ಟೀಚರಮ್ಮನದಲ್ಲ. ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದ ಬಾಯಿ, ಕೇಳುವವರಿಲ್ಲದೆ ತುರಿಸುತ್ತಿತ್ತು. ಸೇವಾಸಂಸ್ಥೆಯೊಂದಕ್ಕೆ ಅರ್ಜಿ ಹಾಕಿ, ಒಂದು ವರ್ಷ ಕೂತು ಅಲ್ಲಿನ ಭಾಷೆ ಕಲಿತು, ಸಂಬಳವಿಲ್ಲದ ಆರೋಗ್ಯ ಶಿಕ್ಷಕಿಯಾಗಿ ಪರದೇಶಕ್ಕೆ ಹೊರಟೇಬಿಟ್ಟರು.

ತರಗತಿ ನಡೆಯುತ್ತಿದ್ದದ್ದು ಮಾರುಕಟ್ಟೆಯ ಹಿಂದಿನ ಹಲಗೆಗೋಡೆಯ ಕೋಣೆಯಲ್ಲಿ. ಪಾಠ, ಕೈ ತೊಳೆಯುವುದು. ಮೂರು ವಾರವಾದರೂ ಬರುತ್ತಿದ್ದವರು ನಾಲ್ಕೇ ಜನ. ಅವರಲ್ಲೂ ಒಬ್ಬ ಅಜ್ಜಿ ನಿದ್ದೆಗೆ ಬರುತ್ತಿದ್ದಳು, ಇನ್ನೊಬ್ಬಳು ಫ್ಯಾನಿನ ಗಾಳಿಗೆ. ಕೊನೆಗೆ ಸಂಸ್ಥೆಯ ಸೂಪರ್‌ವೈಸರ್ ಬಂದು, "ಶುಕ್ರವಾರ ಇಪ್ಪತ್ತು ಜನ ಸೇರಲಿಲ್ಲ ಅಂದ್ರೆ ತರಗತಿ ಮುಚ್ಚಿ ನಿಮ್ಮನ್ನ ಊರಿಗೆ ಕಳಿಸ್ಬೇಕಾಗುತ್ತೆ ಮೇಡಂ" ಅಂದರು. ಊರಲ್ಲಿ ಅಷ್ಟು ಜಂಬ ಕೊಚ್ಚಿಕೊಂಡು ಬಂದ ಟೀಚರಮ್ಮ ಯಾವ ಮುಖ ಹೊತ್ತು ವಾಪಸ್ಸು ಹೋಗುವುದು?

ಅವರ ಪೆಟ್ಟಿಗೆಯಲ್ಲಿ ಒಂದು ಪುಡಿ, ಒಂದು ನೇರಳೆ ದೀಪ ಇದ್ದವು. ಕೈಗೆ ಹಚ್ಚಿದ ಪುಡಿ ಬೆಳಕಿನಲ್ಲಿ ಕಾಣುವುದಿಲ್ಲ. ಕತ್ತಲಲ್ಲಿ ಆ ದೀಪ ಹಿಡಿದರೆ ಹಸಿರಾಗಿ ಹೊಳೆಯುತ್ತದೆ, ಸೋಪು ಹಚ್ಚಿ ಸರಿಯಾಗಿ ತೊಳೆದರೆ ಮಾತ್ರ ಹೋಗುತ್ತದೆ. ರೋಗಾಣು ಕೈಯಿಂದ ಕೈಗೆ ಹೇಗೆ ದಾಟುತ್ತದೆಂದು, ಎಲ್ಲರಿಗೂ ಮೊದಲೇ ಹೇಳಿ ತೋರಿಸುವ ಸಾಧನ ಅದು. ಟೀಚರಮ್ಮ ಶುಕ್ರವಾರ ಬೆಳಿಗ್ಗೆ ಯಾರಿಗೂ ಹೇಳದೆ ಅದನ್ನು ಧಾರಾಳವಾಗಿ ಬಳಿದುಕೊಂಡು ಮಾರುಕಟ್ಟೆಗೆ ನಡೆದರು.

ದರ್ಜಿ, ಬ್ರೆಡ್ಡಿನವನು, ಬೀಗ ರಿಪೇರಿಯವನು, ಸಿಕ್ಕಸಿಕ್ಕವರ ಕೈ ಕುಲುಕಿದರು. "ಮಧ್ಯಾಹ್ನ ಬನ್ನಿ. ಯಾರು ಕೈ ತೊಳೀದೆ ಊಟ ಮಾಡಿದ್ರು ಅಂತ ನನ್ನ ದೀಪ ಹೇಳುತ್ತೆ!" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಎಲ್ಲರೂ ಕೈ ನೋಡಿಕೊಂಡರು. ಕೋಣೆಯ ಗೋಡೆಗೇ ಅಂಟಿಕೊಂಡು ಮೀನು ಮಾರುತ್ತಿದ್ದ ಮೀನಿನಕ್ಕ ಒಂದು ದಿನವೂ ತರಗತಿಯ ಹೊಸ್ತಿಲು ದಾಟಿದವಳಲ್ಲ. ಅವಳೂ ಕೈ ಕೊಟ್ಟು, "ಬರ್ತೀನಿ, ನೋಡೇಬಿಡೋಣ" ಅಂದಳು. ಇವಳೊಬ್ಬಳು ಸಿಕ್ಕಿಬಿದ್ದರೆ ಪಾಠ ಗೆದ್ದಂತೆಯೇ ಎಂದು ಟೀಚರಮ್ಮ ಒಳಗೊಳಗೇ ಕುಣಿದರು.

ಮಧ್ಯಾಹ್ನ ಬಂದವರು ನಲವತ್ತು ಜನ! ಪರದೆ ಎಳೆದು ದೀಪ ಹಿಡಿದರೆ ಬ್ರೆಡ್ಡಿನವನ ಮೀಸೆ ಹೊಳೆಯಿತು. ಹಣ್ಣಿನಂಗಡಿಯವಳ ಸೊಂಟದ ಮೇಲೆ ಐದು ಬೆರಳು ಅಚ್ಚುಕಟ್ಟಾಗಿ ಮೂಡಿದವು. ಯಾರೂ ಕೇಳದಿದ್ದರೂ ದರ್ಜಿ, "ಅದು ಅಳತೆ ತಗೊಂಡಿದ್ದು" ಅಂದ. ಕೋಣೆ ಹಾರಿಹೋಗುವಷ್ಟು ನಗು.

ಮೀನಿನಕ್ಕನ ಕೈಯಲ್ಲಿ ಮಾತ್ರ ಒಂದು ಚುಕ್ಕೆಯೂ ಇರಲಿಲ್ಲ. ಟೀಚರಮ್ಮ ತಿರುಗಿಸಿ ಮುರುಗಿಸಿ ನೋಡಿದರು.

"ನನ್ನದು ಆಯ್ತಲ್ಲ, ಈಗ ನಿಮ್ಮದು" ಎಂದು ಮೀನಿನಕ್ಕ ದೀಪ ಕಿತ್ತುಕೊಂಡಳು.

ಟೀಚರಮ್ಮನ ಮೂಗಿನ ತುದಿ, ಕನ್ನಡಕದ ಕಡ್ಡಿ, ಎರಡೂ ಹೆಬ್ಬೆರಳು, ತುಟಿ, ಎಲ್ಲವೂ ಝಗಝಗ! ಜನ ಸೇರುವ ಸಂಭ್ರಮದಲ್ಲಿ ಕೈಗೆ ಒಂದಿಷ್ಟು ನೀರು ತೋರಿಸಿ ಊಟಕ್ಕೆ ಕೂತಿದ್ದರು.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!" ಯಾರೋ ಕೂಗಿದರು.

ತಲೆ ಎಣಿಸಲು ಬಂದು ಬಾಗಿಲಲ್ಲಿ ನಿಂತಿದ್ದ ಸೂಪರ್‌ವೈಸರ್ ನಗಲಿಲ್ಲ. "ಜನ ಬಂದಿದ್ದು ತಮಾಷೆಗೆ, ಮೇಡಂ. ಮೂರು ವಾರದಲ್ಲಿ ಯಾರು ಏನು ಕಲಿತ್ರು ಹೇಳಿ? ಕಲಿಸೋರೇ ಹೀಗೆ!" ಟೀಚರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ಮೀನಿನಕ್ಕ ಅವರ ಮುಂಗೈ ಹಿಡಿದು ನಲ್ಲಿಯ ಹತ್ತಿರ ಎಳೆದೊಯ್ದಳು. "ಮೊದಲು ಅಂಗೈ. ಆಮೇಲೆ ಹಿಂಗೈ. ಬೆರಳ ಸಂದಿ. ಹೆಬ್ಬೆರಳನ್ನ ಮರೆಯೋರೇ ಜಾಸ್ತಿ, ಅದನ್ನ ತಿರುಗಿಸಿ ತಿರುಗಿಸಿ ಉಜ್ಜಿ. ಉಗುರಿನ ಬುಡ. ಇಪ್ಪತ್ತು ಎಣಿಸೋವರೆಗೂ ಬಿಡಬಾರ್ದು."

ಅಕ್ಷರಕ್ಷರವೂ ಟೀಚರಮ್ಮನದೇ ಪಾಠ. ಅವರು ಬೆರಗಾಗಿ, "ನೀನು ಒಂದು ದಿನಾನೂ ತರಗತಿಗೆ ಬಂದಿಲ್ವಲ್ಲೇ?" ಅಂದರು.

"ಬರೋದ್ಯಾಕೆ? ಈ ಹಲಗೆಯಾಚೆ ಮೀನು ಹೆಚ್ತಾ ಕೂತ್ರೆ ನಿಮ್ಮ ಗಂಟಲು ಬೀದಿ ಕೊನೇವರೆಗೂ ಕೇಳುತ್ತೆ. ಬೇಕಾದ್ರೆ ಅವರನ್ನೂ ಕೇಳಿ."

ಬೀಗದವನು, ಹಣ್ಣಿನಂಗಡಿಯವಳು, ದರ್ಜಿ, ಒಬ್ಬೊಬ್ಬರಾಗಿ ಬೆರಳ ಸಂದಿ ತೋರಿಸುತ್ತ ಪಾಠ ಒಪ್ಪಿಸತೊಡಗಿದರು. ಟೀಚರಮ್ಮ ಸೋಪಿನ ಕೈಯಲ್ಲೇ ಅತ್ತರು, ನಕ್ಕರು.

ಸೂಪರ್‌ವೈಸರ್ ಪುಸ್ತಕ ತೆರೆದು ಏನೋ ಬರೆದುಕೊಂಡರು. "ತರಗತಿ ನಡೀಲಿ. ಇನ್ಮೇಲೆ ಕಲಿಸೋದು ಮೀನಿನಕ್ಕ."

"ಹಾಗಾದ್ರೆ ನಾನು?"

"ನೀವೂ ಇರಿ ಮೇಡಂ," ಅಂದಳು ಮೀನಿನಕ್ಕ, "ಹೆಬ್ಬೆರಳಿನ ಪಾಠ ನಿಮಗಿನ್ನೂ ಬಾಕಿ ಇದೆ."