ಕೊರಾ ನೋಡುವಾಗ ಐವತ್ತು

ಅಮೆರಿಕದ ರೀನೋ ಊರಿನ ಸಿಲ್ವರ್ ಮ್ಯೂಲ್ ಕ್ಯಾಸಿನೋದಲ್ಲಿ ಮಂಗಳವಾರ ಮಧ್ಯಾಹ್ನ ಇಪ್ಪತ್ತೊಂದರ ಇಸ್ಪೀಟು ಆಟಕ್ಕೆ ಕೂರುವವರಲ್ಲಿ ಎಮೆಟ್ ಉರಿಯಾರ್ಟೆಯಷ್ಟು ಬುದ್ಧಿವಂತ ಇನ್ನೊಬ್ಬನಿರಲಿಲ್ಲ. ಹಾಗೆಂದು ಹೇಳುತ್ತಿದ್ದವನೂ ಎಮೆಟ್ ಒಬ್ಬನೇ. ಮೂವತ್ತೊಂದು ವರ್ಷ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ನಿವೃತ್ತನಾಗಿದ್ದ. ಅವನ ಅಜ್ಜ ಸ್ಪೇನಿನ ಬಾಸ್ಕ್ ನಾಡಿನಿಂದ ನೆವಾಡಾಕ್ಕೆ ಬಂದು ಕುರಿ ಕಾಯ್ದವನು. "ಅಜ್ಜ ಕುರಿ ಕಾದ, ಮೊಮ್ಮಗ ಕುರಿ ಆದ" ಎಂದು ಎಮೆಟ್ ತನ್ನನ್ನೇ ಗೇಲಿ ಮಾಡಿಕೊಳ್ಳುವುದೂ ಇತ್ತು. ಆದರೆ ಒಳಗೊಳಗೆ ಆ ಮಾತನ್ನು ಅವನು ನಂಬಿರಲಿಲ್ಲ. ಕುರಿ ಕ್ಯಾಸಿನೋದವರು, ತಾನು ಕಾಯುವವನು ಎಂದೇ ಅವನ ಲೆಕ್ಕ.

ಆ ಲೆಕ್ಕಕ್ಕೆ ಕಾರಣವಿತ್ತು. ಗಿರಾಕಿ ಮೇಜಿಗೆ ಕೂರುವಾಗ ಹೆಸರಿನ ಕಾರ್ಡು ಕೊಟ್ಟರೆ, ಮೇಲ್ವಿಚಾರಕಿ ಬಂದು ಎಷ್ಟು ಗಂಟೆಗೆ ಕೂತ, ಒಂದು ಕೈಗೆ, ಅಂದರೆ ಒಂದು ಸುತ್ತಿಗೆ, ಸುಮಾರು ಎಷ್ಟು ಪಣ ಇಡುತ್ತಾನೆ ಎಂದು ಬರೆದುಕೊಳ್ಳುತ್ತಾಳೆ. ಎದ್ದಾಗ ಇನ್ನೊಮ್ಮೆ ಗಡಿಯಾರ ನೋಡುತ್ತಾಳೆ. ಗಿರಾಕಿ ಗೆದ್ದನೋ ಸೋತನೋ ಕಂಪ್ಯೂಟರಿಗೆ ಬೇಕಿಲ್ಲ. ಇಷ್ಟು ಪಣ, ಇಷ್ಟು ಹೊತ್ತು ಆಡಿದವನು ನ್ಯಾಯವಾಗಿ ಎಷ್ಟು ಸೋಲಬೇಕಿತ್ತು ಎಂದು ಅದು ಅಂದಾಜು ಮಾಡಿ, ಅದರಲ್ಲಿ ಮೂರನೇ ಒಂದು ಭಾಗವನ್ನು ಊಟವಾಗಿಯೋ ಕಾಫಿಯಾಗಿಯೋ ವಾಪಸು ಕೊಡುತ್ತದೆ. ಹತ್ತು ಡಾಲರಿನಂತೆ ಎರಡು ಗಂಟೆ ಆಡಿದರೆ ಎಂಟು ಡಾಲರಿನ ಊಟ. ಐವತ್ತರಂತೆ ಆಡಿದರೆ ನಲವತ್ತರದ್ದು.

ಹಾಗಾದರೆ ಐವತ್ತನ್ನು ನಿಜವಾಗಿ ಯಾಕೆ ಇಡಬೇಕು? ಮೇಲ್ವಿಚಾರಕಿಯ ಕಣ್ಣಿಗೆ ಇಟ್ಟರೆ ಸಾಲದೇ? ಆರು ವರ್ಷದ ಹಿಂದೆ ಈ ಸತ್ಯ ಹೊಳೆದ ರಾತ್ರಿ ಎಮೆಟ್‌ಗೆ ಸಂತೋಷದಿಂದ ನಿದ್ದೆಯೇ ಬಂದಿರಲಿಲ್ಲ.

ಅಂದಿನಿಂದ ಅವನ ಪದ್ಧತಿ ಹೀಗೆ. ಮೇಲ್ವಿಚಾರಕಿ ಕೊರಾ ಟಿಬ್ಬೆಟ್ಸ್ ಹತ್ತಿರ ಬಂದಾಗ ಇಪ್ಪತ್ತೈದು ಡಾಲರಿನ ಹಸಿರು ಬಿಲ್ಲೆ ಎರಡನ್ನು ಪಣಕ್ಕೆ ಇಡುವುದು, ಅವಳು ಬೆನ್ನು ತಿರುಗಿಸಿದ ಕೂಡಲೇ ಐದರ ಕೆಂಪು ಬಿಲ್ಲೆ ಎರಡು. ಅವನ ಹೆಂಡತಿ ಮೇವಿಸ್ ಸ್ವಲ್ಪ ದೂರದಲ್ಲಿ ಐದು ಸೆಂಟಿನ ನಾಣ್ಯ ಹಾಕಿ ಆಡುವ ಜೂಜಿನ ಯಂತ್ರದ ಮುಂದೆ ಕೂತಿರುವಳು. ಇಬ್ಬರಿಗೂ ಪರಿಚಯವೇ ಇಲ್ಲ ಎಂಬ ನಟನೆ. ಕೊರಾ ಬರುತ್ತಿದ್ದರೆ ಮೇವಿಸ್ ಕೆಮ್ಮಬೇಕು, ಹೋದರೆ ಮೂಗು ಸೀಟಬೇಕು. ಆರು ವರ್ಷದಲ್ಲಿ ಅವಳಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಬ್ಯಾಂಕಿನಲ್ಲಿ ಮ್ಯಾನೇಜರು ಎದ್ದು ಹೋದರೂ ಮೂಗು ಸೀಟುತ್ತಿದ್ದಳು.

ಆ ಮಂಗಳವಾರ ಅವರ ಮದುವೆಯಾಗಿ ನಲವತ್ತೆರಡು ವರ್ಷ ತುಂಬಿತ್ತು. ಮೇಲಿನ ಮಹಡಿಯ ದೊಡ್ಡ ಹೋಟೆಲಿನಲ್ಲಿ ಇಬ್ಬರಿಗೂ ಗೋಮಾಂಸದ ಸ್ಟೇಕ್ ಊಟವನ್ನು ಪುಕ್ಕಟೆ ಗಿಟ್ಟಿಸಬೇಕೆಂದು ಎಮೆಟ್ ಪಣ ತೊಟ್ಟಿದ್ದ. ಹಿಂದಿನ ದಿನವೇ ಬ್ಯಾಂಕಿನಿಂದ ಸಾವಿರ ಡಾಲರ್ ತೆಗೆದಿದ್ದ.

"ಸಾವಿರ ಯಾಕೆ? ಆಡೋದು ಹತ್ತು ಹತ್ತು ಅಲ್ವಾ?" ಎಂದು ಮೇವಿಸ್ ಕೇಳಿದ್ದಳು.

"ಆಡೋಕಲ್ಲ ಕಣೇ, ತೋರಿಸೋಕೆ. ಮುಂದೆ ರಾಶಿ ಇದ್ರೆ ತೂಕ ಬರುತ್ತೆ."

"ತೂಕ ನಿಂಗೆ ಆಗ್ಲೇ ಸಾಕಷ್ಟಿದೆ."

ಎರಡು ಗಂಟೆಗೆ ಎಮೆಟ್ ಮೇಜಿಗೆ ಕೂತ. ಕ್ಯಾಸಿನೋ ಪರವಾಗಿ ಎಲೆ ಹಂಚುತ್ತಿದ್ದವನು ಬೆನಿಗ್ನೊ. ಮಾತು ಕಡಿಮೆ, ಕೈ ಚುರುಕು. ಮೊದಲ ಅರ್ಧ ಗಂಟೆ ಹತ್ತು ಹತ್ತಾಗಿ ಆಡಿ ಎಮೆಟ್ ಮೂವತ್ತು ಡಾಲರ್ ಗೆದ್ದ. ಆಗ ಮೇವಿಸ್ ಕೆಮ್ಮಿದಳು. ಎಮೆಟ್ ಕೆಂಪು ಬಿಲ್ಲೆ ಸರಿಸಿ ಹಸಿರು ಎರಡನ್ನು ಠಾಕುಠೀಕಾಗಿ ಇಟ್ಟ. ಕೊರಾ ಬಂದು ಬೆನಿಗ್ನೊನ ಹಿಂದೆ ಕೈಕಟ್ಟಿ ನಿಂತಳು.

ಆ ಕೈ ಸೋತ. ಅದೇನು ದೊಡ್ಡದಲ್ಲ, ಖರ್ಚಿನಲ್ಲಿ ಸೇರಿದ್ದು. ಇನ್ನೆರಡು ಹಸಿರು ಇಟ್ಟ. ಕೊರಾ ಸಾಮಾನ್ಯವಾಗಿ ಒಂದೆರಡು ಕೈ ನೋಡಿ ಮುಂದಿನ ಮೇಜಿಗೆ ಹೋಗುವವಳು. ಇವತ್ತು ಹೋಗಲಿಲ್ಲ. ಐದು ಕೈ ಆಯಿತು. ಹತ್ತು ಆಯಿತು. ಎಮೆಟ್ ಹಿಂದಿನಿಂದ ಮೂಗು ಸೀಟುವ ಸದ್ದಿಗೆ ಕಿವಿಗೊಟ್ಟು ಕೂತ. ಸದ್ದೇ ಇಲ್ಲ.

ಈಗ ಹತ್ತಕ್ಕೆ ಇಳಿದರೆ ಆರು ವರ್ಷದ ಮರ್ಯಾದೆ ಮಣ್ಣುಪಾಲು. ಎದ್ದು ಹೋದರೆ ಊಟ ಕೈತಪ್ಪುತ್ತದೆ. ಇನ್ನೇನು ಹೋಗುತ್ತಾಳೆ, ಈಗ ಹೋಗುತ್ತಾಳೆ ಎಂದುಕೊಳ್ಳುತ್ತಾ ಎರಡೆರಡು ಹಸಿರು ಇಡುತ್ತಲೇ ಹೋದ. ಅವನಿಗೆ ಹತ್ತೊಂಬತ್ತು ಬಂದರೆ ಬೆನಿಗ್ನೊಗೆ ಇಪ್ಪತ್ತು, ಇಪ್ಪತ್ತು ಬಂದರೆ ಇಪ್ಪತ್ತೊಂದು. ಮೂವತ್ತೊಂದು ವರ್ಷ ಲಿಫ್ಟು ನೋಡಿಕೊಂಡವನು ಇಷ್ಟು ವೇಗವಾಗಿ ಯಾವುದೂ ಕೆಳಗಿಳಿದದ್ದನ್ನು ಕಂಡಿರಲಿಲ್ಲ. ಇದರಲ್ಲಿ ತುರ್ತು ಗುಂಡಿಯೂ ಇರಲಿಲ್ಲ.

ಕೊನೆಗೆ ಮೇವಿಸ್ ತಡೆಯಲಾರದೆ ಎದ್ದು ಬಂದಳು. ಪರಿಚಯವಿಲ್ಲದವಳ ಹಾಗೆ ಅವನ ಹೆಗಲು ತಟ್ಟಿದಳು.

"ಕ್ಷಮಿಸಿ ಸಾರ್, ಹೊರಗಡೆ ನೀಲಿ ಪಿಕಪ್ ನಿಮ್ದೇನಾ? ಲೈಟ್ ಉರೀತಾ ಇದೆ."

"ಉರೀಲಿ ಬಿಡಿ ಮೇಡಂ."

"ಬ್ಯಾಟರಿ ಪೂರ್ತಿ ಖಾಲಿ ಆಗ್ತಾ ಇದೆ ಸಾರ್. ಎಲ್ರಿಗೂ ಕಾಣ್ತಿದೆ, ನಿಮಗೊಬ್ರಿಗೆ ಕಾಣ್ತಿಲ್ಲ."

"ಕಾಣ್ತಿದೆ ಮೇಡಂ. ಏನ್ಮಾಡ್ಲಿ?"

"ಮನೇಲಿ ಹೆಂಡ್ತಿ ಏನಂತಾಳೋ ಪಾಪ."

"ನನ್ನ ಹೆಂಡ್ತಿ ತುಂಬ ಒಳ್ಳೇವಳು. ಏನೂ ಅನ್ನಲ್ಲ."

"ಹಾಗಂದ್ಕೊಂಡಿದ್ದೀರಾ?" ಎಂದು ಮೇವಿಸ್ ದುರುಗುಟ್ಟಿಕೊಂಡು ಹೋಗಿ ಯಂತ್ರದ ಮುಂದೆ ಕೂತಳು. ಬೆನಿಗ್ನೊ ತುಟಿ ಕಚ್ಚಿಕೊಂಡು ಎಲೆ ಕಲಸಿದ.

ಮುಕ್ಕಾಲು ಗಂಟೆಯಲ್ಲಿ ಎಂಟುನೂರೈವತ್ತು ಡಾಲರ್ ಹೋಯಿತು. ಎಮೆಟ್ ಉಳಿದ ಬಿಲ್ಲೆಗಳನ್ನು ಬಾಚಿ ಜೇಬಿಗೆ ಹಾಕಿಕೊಂಡು ಎದ್ದ. ಆದರೂ ಇಷ್ಟು ಕಳೆದುಕೊಂಡ ಮೇಲೆ ಕೇಳದೆ ಹೋಗುವುದುಂಟೇ? ಸದಾ ಸಾವಿರಗಟ್ಟಲೆ ಆಡುವವನ ಉದಾಸೀನದಿಂದ, "ಕೊರಾ, ಮೇಲಿನ ಹೋಟೆಲಲ್ಲಿ ಇಬ್ಬರಿಗೆ ಊಟ ಸಿಗುತ್ತಾ ನೋಡಿ. ನಾನು ಹೇಗೆ ಆಡ್ತೀನಿ ಅಂತ ನಿಮಗೆ ಗೊತ್ತೇ ಇದೆಯಲ್ಲ" ಎಂದ.

"ಗೊತ್ತಿಲ್ದೆ ಏನು ಮಿಸ್ಟರ್ ಉರಿಯಾರ್ಟೆ. ಕಂಪ್ಯೂಟರಲ್ಲಿ ನಿಮ್ಮ ಹೆಸರಿನ ಮುಂದೆ ಹದಿನೈದು ಅಂತಿದೆ."

"ಹದಿನೈದಾ? ಐವತ್ತಲ್ವಾ?"

"ಆಡೋದು ಹತ್ತು. ಮಿಕ್ಕ ಐದು ನಾಟಕಕ್ಕೆ ನಾನು ಕೊಡ್ತಾ ಇದ್ದಿದ್ದು." ಕೊರಾ ಚಾವಣಿಯ ಕ್ಯಾಮರಾದ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. "ನಿಮ್ಮ ಹೆಂಡ್ತಿ ಕೆಮ್ಮು ಕೇಳಿ ಮೊದಮೊದ್ಲು ಪಾಪ ಕ್ಷಯ ಇರ್ಬೇಕು ಅಂದ್ಕೊಂಡಿದ್ದೆ. ಕಾಫಿ ಜೊತೆ ಜೇನುತುಪ್ಪ ಕೂಡ ಕಳ್ಸಿದ್ದೆ."

ಎಮೆಟ್‌ಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಜೇನುತುಪ್ಪ ಬಂದದ್ದು ನಿಜ. ತಾನು ದೊಡ್ಡ ಗಿರಾಕಿ ಎಂದೇ ಬಂದಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ.

"ಎಲ್ಲ ಗೊತ್ತಿದ್ಮೇಲೆ ಇವತ್ತು ಯಾಕೆ ಅಷ್ಟು ಹೊತ್ತು ನಿಂತು ನೋಡಿದ್ರಿ?"

"ನೋಡ್ತಾ ಎಲ್ಲಿದ್ದೆ? ಇವತ್ತು ನನ್ನ ಕೊನೇ ದಿನ. ಇಪ್ಪತ್ತಾರು ವರ್ಷ ಆಯ್ತು, ಮೊಣಕಾಲು ಹೋಗಿದೆ. ನಿಮಗೆ ಹೇಳಿ ಹೋಗೋಣ ಅಂತ ಬಂದೆ. ನೋಡಿದ್ರೆ ನೀವು ಐವತ್ತೈವತ್ತು ಇಡ್ತಾನೇ ಇದ್ದೀರಿ. ಎಲ್ಲೋ ಆಸ್ತಿ ಬಂದಿರ್ಬೇಕು, ಒಳ್ಳೇ ಹುರುಪಲ್ಲಿದ್ದಾರೆ, ಮಧ್ಯೆ ಮಾತಾಡ್ಸಿ ಅದೃಷ್ಟ ಕೆಡಿಸ್ಬಾರ್ದು ಅಂತ ಕಾಯ್ತಾ ನಿಂತೆ."

"ನೀವು ಹೋಗ್ಲಿ ಅಂತ ನಾನು ಕಾಯ್ತಿದ್ದೆ, ಕೊರಾ," ಎಂದ ಎಮೆಟ್.

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ದೇವರೇ! ನನಗೆ ತೋರ್ಸೋಕೆ ಎಂಟುನೂರೈವತ್ತು ಕಳೆದ್ರಾ? ನನ್ನ ಗಂಡ ಬದುಕಿದ್ದಷ್ಟು ದಿನ ನನಗೋಸ್ಕರ ಅಷ್ಟು ಖರ್ಚು ಮಾಡ್ಲಿಲ್ಲ."

"ನನಗೋಸ್ಕರ ಇವನೂ ಮಾಡಿಲ್ಲ ಬಿಡಿ," ಎಂದಳು ಹಿಂದಿನಿಂದ ಮೇವಿಸ್. ಅವಳು ಯಾವಾಗಲೋ ಬಂದು ನಿಂತಿದ್ದಳು.

ಮೊದಲು ನಕ್ಕವಳು ಕೊರಾ, ಆಮೇಲೆ ಬೆನಿಗ್ನೊ. ಎಮೆಟ್‌ಗೆ ಅಳಬೇಕೆನಿಸಿತು. ಆದರೆ ಸುತ್ತಲಿನವರೆಲ್ಲ ನಗುವಾಗ ಒಬ್ಬನೇ ಅಳುವುದು ಇನ್ನೂ ಅವಮಾನವೆಂದು ತಾನೂ ನಕ್ಕ. ನಗುತ್ತಾ ಹೋದಂತೆ ಅದು ನಿಜವಾದ ನಗುವೇ ಆಯಿತು.

"ಇವತ್ತಿನದು ಐವತ್ತು ಅಂತಾನೇ ಬರೀತೀನಿ," ಎಂದಳು ಕೊರಾ ಕಣ್ಣೊರೆಸಿಕೊಂಡು. "ಆದ್ರೆ ಮುಕ್ಕಾಲು ಗಂಟೆಗೆ ಒಬ್ಬರ ಅರ್ಧ ಊಟ ಬರುತ್ತೆ ಅಷ್ಟೇ. ನಿಯಮ ನಿಯಮ."

"ಮಿಕ್ಕಿದ್ದಕ್ಕೆ ಇದನ್ನ ಸೇರಿಸ್ಕೊಳ್ಳಿ," ಎಂದು ಮೇವಿಸ್ ಕೈಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದಳು. ಮೇಲಿನ ಹೋಟೆಲಿನಲ್ಲಿ ಇಬ್ಬರಿಗೆ ಊಟದ ಚೀಟಿ, ಮೇವಿಸ್ ಉರಿಯಾರ್ಟೆಯ ಹೆಸರಿಗೆ. ಐದು ಸೆಂಟಿನ ಯಂತ್ರಕ್ಕೆ ಯಾರ ನಾಟಕವೂ ತಿಳಿಯದು. ಕಾರ್ಡು ತೂರಿಸಿದರೆ ಹಾಕಿದ ಒಂದೊಂದು ನಾಣ್ಯವನ್ನೂ ಅದು ಎಣಿಸಿ ಇಡುತ್ತದೆ. ಕೆಮ್ಮುತ್ತಾ, ಮೂಗು ಸೀಟುತ್ತಾ ಆರು ವರ್ಷ ಅವಳು ಹಾಕಿದ ನಾಣ್ಯಗಳು ಗಂಡನ ಲೆಕ್ಕವನ್ನು ಎಂದೋ ದಾಟಿದ್ದವು.

"ಯಾವಾಗ ಬಂತು ಇದು?"

"ಮಾರ್ಚಲ್ಲೇ ಅಂಚೇಲಿ ಬಂತು. ಇದು ಮೂರನೇದು. ಮೊದ್ಲಿನ ಎರಡರಲ್ಲಿ ನಮ್ಮಕ್ಕನ್ನ ಕರ್ಕೊಂಡು ಹೋಗಿದ್ದೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಗೂಢಚಾರನ ಥರ ಕೂತು ಖುಷಿಪಡ್ತಿದ್ದೆ ಕಣೋ. ಆ ಮುಖ ನೋಡಿ ಹೇಗೆ ಹೇಳ್ಲಿ?"

ಐದು ಗಂಟೆಗೆ ಕೊರಾಳ ಕೆಲಸ ಮುಗಿಯಿತು. ಎದೆಯ ಮೇಲಿನ ಹೆಸರಿನ ಪಟ್ಟಿ ಬಿಚ್ಚಿಟ್ಟು ಬಂದು "ಈಗ ನಾನೂ ಗಿರಾಕಿ" ಎಂದಳು. ಮೂವರೂ ಮೇಲಿನ ಹೋಟೆಲಿಗೆ ಹೋದರು. ಚೀಟಿ ಎರಡು ಊಟಕ್ಕೆ, ಎಮೆಟ್‌ನ ಪಾಲು ಅರ್ಧ ಊಟಕ್ಕೆ. ಉಳಿದ ಅರ್ಧಕ್ಕೆ ಎಮೆಟ್ ಜೇಬಿನಿಂದ ಕೊಟ್ಟ. ನೆವಾಡಾದಲ್ಲಿ ಇದಕ್ಕಿಂತ ದುಬಾರಿ ಸ್ಟೇಕನ್ನು ಯಾರೂ ತಿಂದಿರಲಿಕ್ಕಿಲ್ಲ ಎಂದು ಚೂರು ಚೂರಾಗಿ ಅಗಿದು ತಿಂದ. ಒಂಚೂರು ಬೆಂದದ್ದು ಹೆಚ್ಚಾಗಿತ್ತು. ವಾಪಸು ಕಳಿಸುವ ಧೈರ್ಯ ಬರಲಿಲ್ಲ.

"ನನ್ನ ಬಗ್ಗೆ ಕಂಪ್ಯೂಟರಲ್ಲಿ ಇನ್ನೇನಾದ್ರೂ ಬರೆದಿದ್ಯಾ?" ಎಂದು ಕೇಳಿದ, ಬೈಸಿಕೊಳ್ಳಲು ಸಿದ್ಧನಾಗಿ.

"ಕೆಳಗೆ ಒಂದು ಸಾಲಿನ ಜಾಗ ಇರುತ್ತೆ. ಮುಂದೆ ಬರೋರಿಗೆ ಸೂಚನೆ. ನಾನು ಬರೆದಿದ್ದು, 'ನಾಟಕ ಮಾಡ್ತಾರೆ, ಅಡ್ಡಿ ಮಾಡ್ಬೇಡಿ, ಎಲೆ ಹಂಚೋರ ಹತ್ರ ಎಂದೂ ಒರಟಾಗಿ ಮಾತಾಡಿಲ್ಲ' ಅಂತ."

ಎಮೆಟ್ ಆ ಸಾಲನ್ನು ಇನ್ನೊಮ್ಮೆ ಹೇಳಿಸಿದ. ನಿವೃತ್ತಿಯ ದಿನ ಲಿಫ್ಟ್ ಕಂಪನಿಯವರು ಕೊಟ್ಟ ಪತ್ರದಲ್ಲಿ ಅವನ ಹೆಸರನ್ನೇ ತಪ್ಪಾಗಿ ಬರೆದಿದ್ದರು.

ಮುಂದಿನ ಮಂಗಳವಾರ ಅವನು ಮತ್ತೆ ಹೋದ. ಕೊರಾಳ ಜಾಗದಲ್ಲಿ ಬಿಗಿಯಾದ ಟೈ ಕಟ್ಟಿದ ದಪ್ಪನೆಯ ಆಸಾಮಿಯೊಬ್ಬ ಬಂದಿದ್ದ. ಅವನು ಹತ್ತಿರ ಬಂದಾಗ ಎಮೆಟ್‌ನ ಕೈ ತಾನಾಗಿಯೇ ಹಸಿರು ಬಿಲ್ಲೆಯ ಕಡೆ ಹೋಯಿತು, ಅರ್ಧದಲ್ಲಿ ನಿಂತಿತು, ಹಿಂದೆ ಬಂದು ಕೆಂಪು ಎರಡನ್ನು ಇಟ್ಟಿತು. ಆಸಾಮಿ ನೋಡಿ ಹತ್ತು ಎಂದು ಬರೆದುಕೊಂಡ. ಮೇವಿಸ್ ಈಗ ಪಕ್ಕದ ಕುರ್ಚಿಯಲ್ಲೇ ಕೂತು ಅವನ ಎಲೆಗಳನ್ನು ಇಣುಕಿ ನೋಡಿ, ಇದನ್ನ ಹಾಗೆ ಆಡ್ತಾರಾ ಎಂದು ಬೈಯುತ್ತಿದ್ದಳು. ಏಳುವಾಗ ಕೈಗೆ ಬಂದದ್ದು ಒಂದು ಬಟ್ಟಲು ಹುರುಳಿಕಾಯಿ ಸೂಪಿನ ಚೀಟಿ. ಇಬ್ಬರೂ ಎರಡು ಚಮಚ ಕೇಳಿ ಪಡೆದು ಕುಡಿದರು. ಉಪ್ಪು ಕೊಂಚ ಮುಂದಿತ್ತು.